ಶಿಕ್ಷಣ ನೀತಿ ಬೋಧಿಸುವ ಮೇಷ್ಟ್ರಿಗೊಂದು ಬಳಕೆದಾರರ ಕೈಪಿಡಿ
(ಮಂಡ್ಯ, ಮದ್ದೂರು, ಮಳವಳ್ಳಿ ಮಾದರಿ)

ಮೊದಲು ಇದನ್ನು ಓದಿ

ಸ್ನಾತಕೋತ್ತರ ತರಗತಿಯ ‘ಸಾರ್ವಜನಿಕ ಶಿಕ್ಷಣ: ನೀತಿ ಮತ್ತು ನಾಯಕತ್ವ’ ಎಂಬ ಪತ್ರಿಕೆ ನಿಮ್ಮ ಪಾಲಿಗೆ ಬಂದಿದೆ. ಅಭಿನಂದನೆಗಳು. ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ ಬಂದಿದೆ ಎಂಬುದು ನಿಮಗೂ ಗೊತ್ತು, ವಿಭಾಗದ ಮುಖ್ಯಸ್ಥರಿಗೂ ಗೊತ್ತು. ವಿದ್ಯಾರ್ಥಿಗಳಿಗೆ ಹೇಳುವ ಅಗತ್ಯವಿಲ್ಲ. ನೀವು ಅತಿಥಿ ಉಪನ್ಯಾಸಕರಾಗಿದ್ದರೆ ಮೊದಲ ಗೌರವಧನ ಕೈ ಸೇರುವ ಹೊತ್ತಿಗೆ ಪಠ್ಯ ಮುಗಿದಿರುತ್ತದೆ. ಗಾಬರಿಯಾಗಬೇಡಿ. ಇದೂ ಪಠ್ಯದ ಭಾಗವೇ.

ಪಾಠ ಶುರು ಮಾಡುವ ಮುನ್ನ ಒಂದು ಸುರಕ್ಷಾ ಪರಿಶೀಲನೆ ಕಡ್ಡಾಯ: ನೀವು ಪಾಠ ಮಾಡುವ ವಿಶ್ವವಿದ್ಯಾಲಯ ಇವತ್ತೂ ಇದೆಯೇ ಎಂದು ಬೆಳಗಿನ ಪೇಪರು ನೋಡಿ ಖಚಿತಪಡಿಸಿಕೊಳ್ಳಿ. ಮಂಡ್ಯದ ಸರ್ಕಾರಿ ಮಹಾವಿದ್ಯಾಲಯ ಬೆಳೆದು ಮಂಡ್ಯ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಹಳೆಯವುಗಳ ಜೊತೆ ವಿಲೀನಗೊಳಿಸುವ ಮಾತಾಡಿದಾಗ ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು. ಅದು ಹುಟ್ಟುವ ಮೊದಲೇ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೂಬಿನಕೆರೆಯಲ್ಲಿ ಇತ್ತು. ಹೀಗಾಗಿ ನೀತಿ ಎಂದರೇನು ಎಂದು ವಿವರಿಸಲು ನೀವು ಬೋರ್ಡಿನ ಮೇಲೆ ಏನನ್ನೂ ಬರೆಯಬೇಕಾಗಿಲ್ಲ. ಕಟ್ಟಡದ ಹೊರಗೆ ಕರೆದುಕೊಂಡು ಹೋಗಿ ಬೋರ್ಡನ್ನೇ ತೋರಿಸಿ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು: 2020ರ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ). 2021ರ ಆಗಸ್ಟ್‌ನಲ್ಲಿ ‘ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವು’ ಎಂದು ನಮ್ಮ ರಾಜ್ಯ ಹೇಳಿಕೊಂಡದ್ದು ಇದೇ.

ಎರಡು: ಅದನ್ನು ಕೈಬಿಟ್ಟ ಕಾಗದಪತ್ರ. 2023ರಲ್ಲಿ ಸರ್ಕಾರ ಬದಲಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು.

ಮೂರು: 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ಇದು ಜಾರಿಗೆ ಬಂದದ್ದು 1995ರಲ್ಲಿ. ನಡುವಿನ ಹನ್ನೆರಡು ವರ್ಷ ಏನಾಯಿತೆಂದು ವಿದ್ಯಾರ್ಥಿ ಕೇಳಿದರೆ, ಆಡಳಿತದಲ್ಲಿ ತಾಳ್ಮೆಯ ಪಾತ್ರ ಎಂಬ ಘಟಕಕ್ಕೆ ಅವರನ್ನು ಕಳಿಸಿ.

ನಾಲ್ಕು: 2009ರ ಶಿಕ್ಷಣ ಹಕ್ಕು ಕಾಯ್ದೆ.

ಐದು: ವಿದ್ಯಾರ್ಥಿಗಳು. ಇವರನ್ನು ಎಚ್ಚರಿಕೆಯಿಂದ ಹೊರತೆಗೆಯಿರಿ. ಮುಂದಿನ ಬೆಂಚಿನಲ್ಲಿ ಕೂತವರು, ‘ನಾವು ಎನ್‌ಇಪಿ ಬ್ಯಾಚು ಸಾ’ ಎನ್ನುತ್ತಾರೆ. ನಾಲ್ಕು ವರ್ಷದ ಪದವಿಯ ಆಸೆ ತೋರಿಸಿ ಅವರನ್ನು ಸೇರಿಸಿಕೊಂಡರು. 2024-25ರಿಂದ ಸೇರಿದ ಅವರ ತಮ್ಮ ತಂಗಿಯರಿಗೆ ಮತ್ತೆ ಮೂರು ವರ್ಷದ ಪದವಿ ಬಂತು. ಒಂದೇ ಮನೆಯ ಗೋಡೆಯ ಮೇಲೆ ಎರಡು ನೀತಿಗಳ ಅಂಕಪಟ್ಟಿ ತೂಗಾಡುತ್ತಿರುವಾಗ ‘ನೀತಿ ಬದಲಾವಣೆಯ ಪರಿಣಾಮಗಳು’ ಎಂಬ ಅಧ್ಯಾಯಕ್ಕೆ ಪರಾಮರ್ಶನ ಗ್ರಂಥ ಹುಡುಕುತ್ತ ಗ್ರಂಥಾಲಯಕ್ಕೆ ಹೋಗಬೇಡಿ.

ಪೆಟ್ಟಿಗೆಯಲ್ಲಿ ಇಲ್ಲದ್ದು: ಶಾಲೆ. ಅದನ್ನು ನೀವೇ ಹೊಂದಿಸಿಕೊಳ್ಳಬೇಕು.

ಜೋಡಿಸುವ ವಿಧಾನ

ಸಾಮಾನ್ಯವಾಗಿ ಈ ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾರೆ. ಸಂವಿಧಾನ, ಆಯೋಗ, ಕಾಯ್ದೆ, ಆದೇಶ, ಸುತ್ತೋಲೆ ಎಂದು ಇಳಿಯುತ್ತಾ ಬರುತ್ತಾರೆ; ಶಾಲೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಈ ಕೈಪಿಡಿ ಉಲ್ಟಾ ಜೋಡಣೆಯನ್ನು ಶಿಫಾರಸು ಮಾಡುತ್ತದೆ. ಹಾಜರಾತಿ ಪುಸ್ತಕದಿಂದ ಶುರು ಮಾಡಿ, ಆದೇಶದ ಕಡೆಗೆ ಹತ್ತಿ.

ಏಕೆ ಎಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂಬುದು ದಿನಾ ಪೇಪರಿನಲ್ಲಿ ಬರುತ್ತದೆ. ವಿ.ಸಿ. ನಾಲೆಯ ತೂಬು ಎತ್ತಿದ ಸುದ್ದಿಯೂ ಬರುತ್ತದೆ. ಆದರೆ ನೀರು ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಮದ್ದೂರು, ಮಳವಳ್ಳಿಯ ಕೊನೇ ಭಾಗದ ರೈತನನ್ನೇ ಕೇಳಬೇಕು. ಕಟ್ಟೆಯ ಅಂಕಿಗೂ ಅವನ ಗದ್ದೆಯ ಬಿರುಕಿಗೂ ಮಧ್ಯೆ ಒಡೆದ ಉಪನಾಲೆಗಳಿವೆ, ನೀರುಗಂಟಿಗಳಿದ್ದಾರೆ, ರಾತ್ರಿ ಪಂಪ್‌ಸೆಟ್ ಇಡುವ ಮೇಲ್ಗಡೆಯವರಿದ್ದಾರೆ. ಶಿಕ್ಷಣ ನೀತಿಯೂ ಹಾಗೇ ಹರಿಯುತ್ತದೆ. ಅದನ್ನು ಕೊನೇ ಭಾಗದಲ್ಲಿ ನಿಂತು ಅಳೆಯುವುದನ್ನು ಕಲಿಸಿದರೆ ನಿಮ್ಮ ಕೆಲಸ ಬಹುಪಾಲು ಮುಗಿಯಿತು.

ಇತಿಹಾಸಕ್ಕೆ ಒಂದು ಗಂಟೆ ಸಾಕು. 1868ರಲ್ಲಿ ಲೂಯಿ ರೈಸ್ ಹೋಬಳಿಗೊಂದು ಶಾಲೆಯ ಯೋಜನೆ ಮುಂದಿಟ್ಟದ್ದು, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರ ಪ್ರಾಥಮಿಕ ಶಿಕ್ಷಣ ಶಾಸನ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದದ್ದು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದದ್ದು, ಇಷ್ಟನ್ನು ಹೇಳಿ. ಆಮೇಲೆ ಒಂದು ಪ್ರಶ್ನೆ ಹಾಕಿ: ನೀರು, ಕಬ್ಬು, 1933ರ ಸಕ್ಕರೆ ಕಾರ್ಖಾನೆ, ಇವೆಲ್ಲ ಬಂದ ಮೇಲೆ ಕಾಲೇಜು ಕಟ್ಟಿದವರು ಯಾರು? ಶಿಕ್ಷಣ ಸಚಿವರೂ ಆಗಿದ್ದ, ಜನ ‘ನಿತ್ಯ ಸಚಿವ’ ಎಂದು ಕರೆದ ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯಕ್ಕೆ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ತಂದರು. ಕಾವೇರಿ ಹೋರಾಟದ ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಭಾರತೀ ಕಾಲೇಜು ಕಟ್ಟಿದರು. ಈ ಸೀಮೆಯಲ್ಲಿ ನಾಯಕತ್ವ ಎಂದರೆ ಬಹಳ ಕಾಲ ಇದೇ ಅರ್ಥ: ವೇದಿಕೆಯ ಮೇಲಿದ್ದ ಮನುಷ್ಯ ಕೆಳಗಿಳಿದು ಕಟ್ಟಡವೊಂದನ್ನು ಎಬ್ಬಿಸುವುದು. ಎಬ್ಬಿಸಿದ ಕಟ್ಟಡಗಳು ಹೆಚ್ಚಾಗಿ ಕಾಲೇಜುಗಳು ಎಂಬುದನ್ನು ಗುರುತು ಹಾಕಿಕೊಳ್ಳಲು ಹೇಳಿ. ಒಂದನೇ ತರಗತಿಗೆ ಯಾರೂ ಪುತ್ಥಳಿ ಇಡುವುದಿಲ್ಲ.

ಹಂತ 1: ಮಂಡ್ಯ (ಆದೇಶ ಹರಿಯುವುದನ್ನು ನೋಡುವುದು)

ಬೇಕಾಗುವ ಸಾಮಗ್ರಿ: ಒಂದು ಮೊಬೈಲ್, ಸದಾ ಚಾರ್ಜ್ ಇರಲಿ.

ಹರಿವಿನ ನಕ್ಷೆ ಬರೆಸಿ. ಬೆಂಗಳೂರಿನ ಕಚೇರಿಯಿಂದ ಜಿಲ್ಲೆಯ ಡಿಡಿಪಿಐ, ಅಲ್ಲಿಂದ ತಾಲ್ಲೂಕಿನ ಬಿಇಒ, ಪಕ್ಕಕ್ಕೆ ಡಯಟ್ ಮತ್ತು ಬಿಆರ್‌ಸಿ, ಕೆಳಗೆ ಸಿಆರ್‌ಪಿ, ಕೊನೆಗೆ ಮುಖ್ಯ ಶಿಕ್ಷಕರು. ಹಿಂದೆ ಟಪಾಲಿನಲ್ಲಿ ಬರುತ್ತಿದ್ದ ಸುತ್ತೋಲೆ ಈಗ ವಾಟ್ಸಾಪ್ ಗುಂಪಿನಲ್ಲಿ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಅದಕ್ಕೊಂದು ಪದ ಅಂಟಿಕೊಳ್ಳುತ್ತದೆ. ಮೇಲೆ ‘ಮಾಹಿತಿ ಸಲ್ಲಿಸುವುದು’ ಎಂದಿದ್ದದ್ದು ನಡುವೆ ‘ತುರ್ತು’ ಆಗಿ, ತಾಲ್ಲೂಕಿಗೆ ಬರುವಾಗ ‘ಅತಿ ತುರ್ತು’ ಆಗಿ, ಶಾಲೆಗೆ ತಲುಪುವಾಗ ‘ಇಂದು ಮಧ್ಯಾಹ್ನ 3ರೊಳಗೆ, ತಪ್ಪಿದಲ್ಲಿ ನೀವೇ ಜವಾಬ್ದಾರರು’ ಎಂದಾಗಿರುತ್ತದೆ. ಅಧಿಕಾರ ಮೇಲಿನವರಲ್ಲಿ ಉಳಿಯುತ್ತದೆ, ಜವಾಬ್ದಾರಿ ಮಾತ್ರ ಕೊನೆಯವರೆಗೂ ಸೋರಿಕೆಯಿಲ್ಲದೆ ತಲುಪುತ್ತದೆ. ಪುಸ್ತಕಗಳಲ್ಲಿ ಇದನ್ನು ವಿಕೇಂದ್ರೀಕರಣ ಎಂದು ಕರೆಯುತ್ತಾರೆ.

ಅಭ್ಯಾಸ: ಸಮಗ್ರ ಶಿಕ್ಷಣ ಯೋಜನೆಯಡಿ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷದ ಶಾಲಾ ಅನುದಾನ 10,000 ರೂಪಾಯಿ. 31ರಿಂದ 100 ಮಕ್ಕಳಿದ್ದರೆ 25,000. ಮೊದಲ ಮೊತ್ತದಲ್ಲಿ ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ಒಡೆದ ನಲ್ಲಿ, ಗಣರಾಜ್ಯೋತ್ಸವದ ಮಿಠಾಯಿ, ಇಷ್ಟಕ್ಕೂ ಹನ್ನೆರಡು ತಿಂಗಳ ಬಜೆಟ್ ಮಾಡಿಸಿ. ಎಂ.ಎ. ಅರ್ಥಶಾಸ್ತ್ರದವರು ಕೈಚೆಲ್ಲುತ್ತಾರೆ. ಮನೆ ಖರ್ಚು ನೋಡಿಕೊಳ್ಳುವ ಹುಡುಗಿಯರು ಹೇಗೋ ಸರಿದೂಗಿಸುತ್ತಾರೆ. ಮೂವತ್ತೊಂದನೆಯ ಮಗು ಬಂದು ಸೇರಿದರೆ ಅನುದಾನ ಎರಡೂವರೆ ಪಟ್ಟಾಗುತ್ತದೆ ಎಂದು ಯಾರಾದರೂ ಕಂಡುಹಿಡಿದರೆ ಅವರಿಗೆ ನಾಯಕತ್ವದ ಲಕ್ಷಣವಿದೆ. ಆ ಮಗುವನ್ನು ಎಲ್ಲಿಂದ ತರಬೇಕು ಎಂದು ಕೇಳಿ, ಮುಂದಿನ ಬಸ್ ಹತ್ತಿಸಿ.

ಹಂತ 2: ಮದ್ದೂರು (ಹಳದಿ ವ್ಯಾನಿನ ವೀಕ್ಷಣೆ)

ಸಮಯ: ಬೆಳಿಗ್ಗೆ ಎಂಟು. ಸ್ಥಳ: ಪೇಟೆಯಿಂದ ಹೊರಗಿನ ಯಾವ ಹಳ್ಳಿಯ ಅರಳೀಕಟ್ಟೆಯಾದರೂ ಆದೀತು.

ಎಚ್ಚರಿಕೆ: ವ್ಯಾನಿನ ಎದುರಿಗೆ ನಿಲ್ಲಬೇಡಿ. ಅದು ಯಾರಿಗೂ ನಿಲ್ಲುವುದಿಲ್ಲ.

ಮೂವತ್ತೊಂದನೆಯ ಮಗು ಅದರೊಳಗಿದೆ. ಟೈ ಕಟ್ಟಿಕೊಂಡಿದೆ, ಅರ್ಧ ನಿದ್ದೆಯಲ್ಲಿದೆ, ಸರ್ಕಾರಿ ಶಾಲೆಯ ಗೇಟಿನ ಮುಂದೆಯೇ ಹಾದು ಪೇಟೆಯ ಕಾನ್ವೆಂಟಿಗೆ ಹೋಗುತ್ತಿದೆ. ಅದನ್ನು ಹತ್ತಿಸಲು ಬಂದ ತಾಯಿಯನ್ನು ಮಾತಾಡಿಸಲು ವಿದ್ಯಾರ್ಥಿಗಳಿಗೆ ಹೇಳಿ. ಪ್ರಶ್ನಾವಳಿಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಲಿ. ‘ಏನಕ್ಕ, ಇಲ್ಲೇ ಇಸ್ಕೂಲ್ ಐತಲ್ಲ?’ ಎಂದರೆ ಸಾಕು. ‘ಐತೆ ಕಣಪ್ಪ. ಮೇಷ್ಟ್ರು ಒಳ್ಳೇವ್ರೇಯ. ಆದ್ರೆ ಅವ್ರ್ ಮಗೀನೂ ಇದೇ ವ್ಯಾನಲ್ಲಿ ಓಯ್ತದೆ’ ಎಂಬ ಉತ್ತರ ಬರಬಹುದು. ಈ ಉತ್ತರ ಬಂದಾಗ ನೋಟ್ಸ್ ಬರೆದುಕೊಳ್ಳುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ನಿಮ್ಮ ಮನೆಯ ಮಕ್ಕಳು ಯಾವ ಗಾಡಿ ಹತ್ತಿದರೆಂದು ಯೋಚಿಸಿ.

ಈಗ ಕಟ್ಟೆಯ ಮೇಲೆ ಕೂತು ಕಾನೂನು ಹೇಳಬಹುದು. ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು 1994ರಲ್ಲಿ ಸರ್ಕಾರ ಆದೇಶಿಸಿತು. ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು 2014ರ ಮೇನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ತೆರೆಯಿತು. ತಾನೇ ಶುಲ್ಕ ಕಟ್ಟಿ ಮಕ್ಕಳನ್ನು ತನ್ನ ಶಾಲೆಯಿಂದ ಹೊರಗೆ ಕಳಿಸುತ್ತಿದ್ದೇನೆಂದು ಅರಿತ ಸರ್ಕಾರ, 2019ರಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಹೊರಟಿತು. 2025ರಲ್ಲಿ ರಾಜ್ಯ ಆಯೋಗ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಇರಲಿ ಎಂದು ಶಿಫಾರಸು ಮಾಡಿತು. ಮೂರು ಸಲ, 1974, 1994 ಮತ್ತು 2024ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿ ಲಕ್ಷಾಂತರ ಜನಕ್ಕೆ ಊಟ ಹಾಕಿದ ಜಿಲ್ಲೆಯಲ್ಲಿ ಕೂತು ಇದನ್ನೆಲ್ಲ ಹೇಳುವಾಗ ದನಿ ಏರಿಸಬೇಡಿ. ಸಮ್ಮೇಳನದ ಮೆರವಣಿಗೆಯಲ್ಲಿ ಬಾವುಟ ಹಿಡಿದವರೂ ಆ ವ್ಯಾನಿಗೆ ಫೀಸು ಕಟ್ಟಿದವರೂ ಒಬ್ಬರೇ. ಅವರು ಎರಡೂ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದ್ದಾರೆ. ಇದನ್ನು ದ್ವಂದ್ವನೀತಿ ಎಂದು ಬರೆದ ವಿದ್ಯಾರ್ಥಿಗೆ ಪಾಸ್ ಅಂಕ ಕೊಡಿ. ಒಬ್ಬ ತಾಯಿ ತನ್ನ ಮಗುವಿನ ಭವಿಷ್ಯದ ಜೊತೆ ಪ್ರಯೋಗ ಮಾಡಲಾರಳು, ಆ ಪ್ರಯೋಗ ಮಾಡಬೇಕಾದದ್ದು ಸರ್ಕಾರ ಎಂದು ಬರೆದವರಿಗೆ ಹೆಚ್ಚು ಕೊಡಿ.

ಶಿಕ್ಷಣ ಇಲಾಖೆಯ ಹೆಸರಿಲ್ಲದ ಶಿಕ್ಷಣ ನೀತಿಯನ್ನೂ ಇಲ್ಲೇ ತೋರಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಳವಳ್ಳಿ ಕಡೆಯಿಂದ ಮಂಡ್ಯಕ್ಕೆ ಬರುವ ನಿಮ್ಮ ವಿದ್ಯಾರ್ಥಿನಿಯರು ಬಸ್ ಚಾರ್ಜು ಕೊಡುವುದಿಲ್ಲ. ‘ಓದಿದ್ದು ಸಾಕು ಬಿಡವ್ವ, ದಿನಾ ಬಸ್ಸಿಗೆಲ್ಲಿಂದ ತರಾದು’ ಎಂಬ ಮಾತಿಗೆ ಅವರಲ್ಲಿ ಈಗ ಒಂದು ಉತ್ತರವಿದೆ. ಸಾರಿಗೆ ಸಚಿವರು ಶಿಕ್ಷಣದಲ್ಲಿ ಮಾಡಿದ ಈ ಕೆಲಸಕ್ಕೆ ಪಠ್ಯಕ್ರಮದಲ್ಲಿ ಘಟಕವಿಲ್ಲ. ನೀವೇ ಸೇರಿಸಿಕೊಳ್ಳಿ.

ಮದ್ದೂರು ವಡೆ ತಿನ್ನುವುದಕ್ಕೆ ಆಂತರಿಕ ಅಂಕಗಳಿಲ್ಲ. ತಿನ್ನದೆ ಬಂದವರನ್ನು ಮಾತ್ರ ಯಾವ ಸಮಿತಿಗೂ ಶಿಫಾರಸು ಮಾಡಬೇಡಿ.

ಹಂತ 3: ಮಳವಳ್ಳಿ (ಕೊನೇ ಭಾಗ)

ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ, ಅಲ್ಲಿಂದ ಹಲಗೂರು ಕಡೆಗೋ ಕಿರುಗಾವಲು ಕಡೆಗೋ ಯಾವುದಾದರೊಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ. ಹೆಸರು ವರದಿಯಲ್ಲಿ ಬೇಡ. ಇಂಥ ಶಾಲೆಯ ಲೆಕ್ಕ ಸರಳ: ಮಕ್ಕಳು ಹದಿನೆಂಟು, ತರಗತಿ ಐದು, ಶಿಕ್ಷಕರು ಇಬ್ಬರು. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಪ್ರಮಾಣ. ಆದ್ದರಿಂದ ಕಾಗದದಲ್ಲಿ ಈ ಶಾಲೆಗೆ ಕೊರತೆಯೇ ಇಲ್ಲ. ಒಬ್ಬರು ತರಬೇತಿಗೋ ನಿಯೋಜನೆಗೋ ಹೋದ ದಿನ ಏನಾಗುತ್ತದೆ ಎಂಬುದಕ್ಕೆ ಕಾಯ್ದೆಯಲ್ಲಿ ಕಲಮಿಲ್ಲ.

ವಿದ್ಯಾರ್ಥಿಗಳಿಗೆ ಕೊಡಬೇಕಾದ ಕೆಲಸ ಒಂದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಖ್ಯ ಶಿಕ್ಷಕಿಯ ಹಿಂದೆ ನಡೆಯುವುದು.

ಬಂದ ಕೂಡಲೇ ಹಾಲು. 2013ರ ಕ್ಷೀರಭಾಗ್ಯದ ಪುಡಿಯನ್ನು ಬಿಸಿನೀರಿಗೆ ಗಂಟಿಲ್ಲದಂತೆ ಕಲಸಬೇಕು. 2024ರಲ್ಲಿ ವಾರಕ್ಕೆ ಮೂರು ದಿನದಂತೆ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಆಮೇಲೆ ಮೊಟ್ಟೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ಅದೇ ವರ್ಷ ವಾರಕ್ಕೆ ಆರು ದಿನವಾಗಿದೆ. ಆಗ ಒಂದು ಮೊಟ್ಟೆಗೆ ಗೊತ್ತುಮಾಡಿದ್ದು 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಅಂಗಡಿಯಲ್ಲಿ ದರ ಏರಿದ ದಿನ ಆದೇಶದ ದರ ಏರುವುದಿಲ್ಲ. ವ್ಯತ್ಯಾಸವನ್ನು ಯಾರು ಕೊಟ್ಟರು ಎಂದು ಮುಖ್ಯ ಶಿಕ್ಷಕಿಯನ್ನು ಕೇಳಬೇಡಿ, ಅವರ ಪರ್ಸು ಎಲ್ಲಿದೆ ನೋಡಿ. ಮೊಟ್ಟೆ ಬೇಡ ಎಂದವರಿಗೆ ಬಾಳೆಹಣ್ಣು. ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಎಂದು ಆನ್‌ಲೈನಿನಲ್ಲಿ ತುಂಬಬೇಕು. ಮಕ್ಕಳ ವಿವರ ಎಸ್‌ಎಟಿಎಸ್‌ನಲ್ಲಿ, ಶಾಲೆಯ ವಿವರ ಯುಡೈಸ್‌ನಲ್ಲಿ. ನೆಟ್‌ವರ್ಕ್ ಇಲ್ಲದಿದ್ದರೆ ಹೊರಗಿನ ಹುಣಸೆಮರದ ಕೆಳಗೆ.

ಈ ನಡುವೆ ಒಂದನೇ ತರಗತಿಯ ಮಗು ‘ಮಿಸ್, ಮಳೆ ಬರ್ಯಕ್ಕೆ ಯಾವ ಳ?’ ಎಂದು ಕೇಳುತ್ತದೆ. ಅವರು ಮೊಬೈಲ್ ಕೆಳಗಿಟ್ಟು ‘ಇಲ್ಲಿ ನೋಡು ಕಂದ’ ಎಂದು ಸ್ಲೇಟು ಎಳೆದುಕೊಳ್ಳುತ್ತಾರೆ. ಗಮನಿಸಿ: ಇಡೀ ದಿನದಲ್ಲಿ ನಿಮ್ಮ ಪತ್ರಿಕೆಯ ವಿಷಯ ಎನ್ನಬಹುದಾದದ್ದು ಈ ಕ್ಷಣ. 1868ರಿಂದ ಇಂದಿನವರೆಗಿನ ಎಲ್ಲ ಆದೇಶಗಳ ಉದ್ದೇಶ ಆ ‘ಳ’. ಅದಕ್ಕೆ ಸಿಕ್ಕ ಸಮಯ, ಮುಂದಿನ ಮೆಸೇಜ್ ಬರುವವರೆಗೆ.

2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಬಗ್ಗೆ ಕೇಳಿದರೆ ಅವರು ನಗುತ್ತಾರೆ. ದಸರಾ ರಜೆಯಲ್ಲಿ ಆ್ಯಪು ತೋರಿಸಿದ ಕರೆಂಟ್ ಮೀಟರು ಹುಡುಕಿಕೊಂಡು ಮನೆಮನೆ ತಿರುಗಿದ್ದು, ಕೆಲಸ ಮುಗಿಯದೆ ಶಾಲೆಯ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋದದ್ದು, ಅವರಿಗೆ ನೆನಪಿದೆ. ರಾಜ್ಯದ ಶೈಕ್ಷಣಿಕ ಸ್ಥಿತಿ ತಿಳಿಯಲು ಶಾಲೆ ಮುಚ್ಚಿದ ಪ್ರಸಂಗವನ್ನು ‘ದತ್ತಾಂಶ ಆಧಾರಿತ ನೀತಿ ನಿರೂಪಣೆ’ ಎಂಬ ಘಟಕಕ್ಕೆ ಸೇರಿಸಿ.

ಕೊನೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. 2001ರಲ್ಲಿ ಬಂದ ಈ ಸಮಿತಿ, ಶಾಲೆಯ ಕೀಲಿಯನ್ನು ಊರಿನವರ ಕೈಗೂ ಕೊಡುವ ಒಳ್ಳೆಯ ಯೋಚನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅರ್ಧದಷ್ಟು ಮಹಿಳೆಯರ ಗಂಡಂದಿರು ಬಂದಿರುತ್ತಾರೆ. ಬಂದ ಒಬ್ಬಳು ತಾಯಿ, ಬಾಗಿಲ ಬಳಿ ನಿಂತೇ, ‘ಹೆಣ್ಮಕ್ಳ್ ಶೌಚಾಲಯಕ್ ಅಗುಳಿ ಇಲ್ಲ, ಅದ ಮೊದ್ಲು ಬರ್ಕಳಿ’ ಎನ್ನುತ್ತಾಳೆ. ನಾಯಕತ್ವದ ಸಿದ್ಧಾಂತಗಳನ್ನು ಬೋರ್ಡಿನ ಮೇಲೆ ಪಟ್ಟಿ ಮಾಡುವ ಮುನ್ನ ಈ ಮಾತನ್ನು ಮೇಲೆ ಬರೆದಿಡಿ.

ದೋಷ ಪತ್ತೆ ಮತ್ತು ಪರಿಹಾರ

ಲಕ್ಷಣ: ‘ಎಲ್ಲದಕ್ಕೂ ಮೇಷ್ಟ್ರುಗಳೇ ಕಾರಣ’ ಎಂದು ವಿದ್ಯಾರ್ಥಿ ಪ್ರಬಂಧ ಬರೆಯುತ್ತಾನೆ.
ಪರಿಹಾರ: ನಲಿ-ಕಲಿಯ ಕಥೆ ಓದಿಸಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರೇ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಕಾರ್ಡು ಮತ್ತು ಕಲಿಕಾ ಏಣಿಗಳಲ್ಲಿ ಕಲಿಸುವ ವಿಧಾನ ರೂಪಿಸಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಕೆಳಗೆ ಹುಟ್ಟಿ ಮೇಲಕ್ಕೆ ಹತ್ತಿದ ಅಪರೂಪದ ನೀತಿಯಿದು. ಹತ್ತಿದ ಮೇಲೆ ಆದೇಶವಾಗಿ ಕೆಳಗಿಳಿದಾಗ, ಕಂಡುಹಿಡಿದವರ ಉತ್ಸಾಹ ಪೊಟ್ಟಣದೊಳಗೆ ಬರಲಿಲ್ಲ ಎಂಬುದನ್ನೂ ಹೇಳಿ.

ಲಕ್ಷಣ: ತರಗತಿಯಲ್ಲಿ ‘ಫಿನ್‌ಲ್ಯಾಂಡ್’ ಎಂಬ ಪದ ಪದೇ ಪದೇ ಕೇಳಿಸುತ್ತದೆ.
ಪರಿಹಾರ: ಬೈಯಬೇಡಿ, ಪೂರ್ತಿ ಹೇಳಲು ಹೇಳಿ. ಬಡವರಿಗೊಂದು, ಉಳ್ಳವರಿಗೊಂದು ದಾರಿಯಿದ್ದ ಶಾಲೆಗಳನ್ನು ಫಿನ್‌ಲ್ಯಾಂಡ್ ಒಂದೇ ಸಾಮಾನ್ಯ ಶಾಲೆಯಾಗಿ ಮಾಡಿತು. ಅದನ್ನು 1972ರಲ್ಲಿ ಶುರು ಮಾಡಿದ್ದು ಬಡವಾದ, ದೂರದ ಉತ್ತರದ ಲ್ಯಾಪ್‌ಲ್ಯಾಂಡ್‌ನಲ್ಲಿ. ರಾಜಧಾನಿಯ ಸುತ್ತಮುತ್ತ ತಲುಪಿದ್ದು 1977ರಲ್ಲಿ. ಅವರು ಮೊದಲು ನೀರು ಬಿಟ್ಟದ್ದು ಕೊನೇ ಭಾಗಕ್ಕೆ. ಇಷ್ಟು ಹೇಳಿದ ಮೇಲೆ ಬೇಕಾದರೆ ಫಿನ್‌ಲ್ಯಾಂಡ್ ಹೊಗಳಲಿ.

ಲಕ್ಷಣ: ‘ಫಲಿತಾಂಶ ಹೆಚ್ಚಿದೆ, ಅಂದರೆ ಗುಣಮಟ್ಟ ಹೆಚ್ಚಿದೆ.’
ಪರಿಹಾರ: 2023ರಲ್ಲಿ ಶೇ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಇಟ್ಟದ್ದರಿಂದ ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಕುಸಿಯಿತೇ, ಹಿಂದಿನ ಸಂಖ್ಯೆ ಯಾವುದನ್ನು ಅಳೆದಿತ್ತು ಎಂದು ಚರ್ಚೆಗೆ ಬಿಡಿ. ಬಾಗಿಲು ಹಾಕಿಕೊಂಡು ಚರ್ಚಿಸುವುದು ಒಳ್ಳೆಯದು.

ಲಕ್ಷಣ: ವಿದ್ಯಾರ್ಥಿ ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ ಒಂದು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸೋಣ ಎನ್ನುತ್ತಾನೆ.
ಪರಿಹಾರ: ಯೋಚನೆ ಪೂರ್ತಿ ತಪ್ಪೇನಲ್ಲ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ, ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ ಇರುವುದು ಒಳ್ಳೆಯದೇ. ಆದರೆ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬುದು ಹಕ್ಕು. ಆರು ವರ್ಷದ ಹುಡುಗಿಯನ್ನು ಆ ದೂರದ ಶಾಲೆಗೆ ಮಳೆಗಾಲದಲ್ಲಿ ಯಾರು ಕರೆದೊಯ್ಯುತ್ತಾರೆ ಎಂಬ ಸಾಲನ್ನು ಅವನ ಯೋಜನಾ ವೆಚ್ಚಕ್ಕೆ ಸೇರಿಸಿ, ಮತ್ತೆ ಕೂಡಲು ಹೇಳಿ.

ವಾರಂಟಿ

ಈ ಪಠ್ಯಕ್ಕೆ ವಾರಂಟಿ ಇದೆ. ಸರ್ಕಾರ ಬದಲಾಗುವವರೆಗೆ ಮಾತ್ರ. ಆಮೇಲೆ ಬಿಡಿಭಾಗಗಳು ಸಿಗುವುದಿಲ್ಲ. ಹಾಜರಾತಿ ಪುಸ್ತಕದಿಂದ ಓದಲು ಕಲಿತವರಿಗೆ ಮಾತ್ರ ಇದರಿಂದ ತೊಂದರೆಯಿಲ್ಲ. ಬರುವ ನೀತಿಯ ಹೆಸರು ಯಾವುದಾದರೂ ಅವರು ಕೇಳುವ ಪ್ರಶ್ನೆ ಒಂದೇ: ಆ ‘ಳ’ಕ್ಕೆ ಎಷ್ಟು ಹೊತ್ತು ಸಿಗುತ್ತದೆ?

ಮೌಲ್ಯಮಾಪನ

ಲಿಖಿತ ಪರೀಕ್ಷೆ ಎಂದಿನಂತೆ ನಡೆಸಿ. ಜೆರಾಕ್ಸ್ ಅಂಗಡಿಯಿಂದ ಬಂದ ಪ್ರಾಜೆಕ್ಟುಗಳನ್ನು ಎಂದಿನಂತೆ ಸ್ವೀಕರಿಸಿ. ಅದರಿಂದ ನಾಯಕತ್ವ ತಿಳಿಯುವುದಿಲ್ಲ, ಯಾರಿಗೂ ನಷ್ಟವೂ ಇಲ್ಲ.

ನಿಜವಾದ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ. ಇವರಲ್ಲಿ ಕೆಲವರು ಬಿ.ಎಡ್. ಮುಗಿಸಿ ಶಿಕ್ಷಕರಾಗುತ್ತಾರೆ, ಒಬ್ಬಿಬ್ಬರು ಬಿಇಒ ಆಗುತ್ತಾರೆ, ಒಬ್ಬ ಪಂಚಾಯಿತಿಗೆ ನಿಂತು ಗೆಲ್ಲುತ್ತಾನೆ. ಶಿಕ್ಷಕರಾದವರು ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಎ ವಲಯದ ಪೇಟೆಯ ಶಾಲೆಯೂ ಸಿ ವಲಯದ ಹಳ್ಳಿಯ ಶಾಲೆಯೂ ಒಟ್ಟಿಗೆ ಕಾಣಿಸುತ್ತವೆ. ಯಾವುದರ ಮೇಲೆ ಬೆರಳಿಟ್ಟರು ಎಂಬುದು ಮೊದಲ ಪ್ರಶ್ನೆ. ಬಿಇಒ ಆದವರು ಮೂರು ಗಂಟೆಯೊಳಗೆ ಕಳಿಸಿ ಎಂಬ ಮೆಸೇಜನ್ನು ಮುಂದಕ್ಕೆ ದೂಡಿದರೋ, ‘ಈ ಮಾಹಿತಿ ನಮ್ಮಲ್ಲೇ ಇದೆ, ಶಾಲೆಗೆ ಕೇಳುವುದು ಬೇಡ’ ಎಂದು ತಮ್ಮ ಮೇಜಿನ ಮೇಲೇ ತಡೆದರೋ ಎಂಬುದು ಎರಡನೆಯದು. ಪಂಚಾಯಿತಿ ಸದಸ್ಯ ಅಗುಳಿ ಹಾಕಿಸಿದನೋ ಎಂಬುದು ಮೂರನೆಯದು. ಮೂರೂ ಕಡ್ಡಾಯ, ಆಯ್ಕೆಗೆ ಅವಕಾಶವಿಲ್ಲ. ಸಮಯ: ಸುಮಾರು ಹತ್ತು ವರ್ಷ.

ಅಲ್ಲಿಯವರೆಗೆ ಈ ಪತ್ರಿಕೆಯಲ್ಲಿ ಎಲ್ಲ ವಿದ್ಯಾರ್ಥಿಗಳ ಹೆಸರಿನ ಮುಂದೆ, ಬೋಧಿಸಿದವರ ಹೆಸರಿನ ಮುಂದೆಯೂ, ವಿಶ್ವವಿದ್ಯಾಲಯದ ಚಾಲ್ತಿ ನಿಯಮದಂತೆ ಹೀಗೆ ನಮೂದಿಸುವುದು: ಫಲಿತಾಂಶ ತಡೆಹಿಡಿಯಲಾಗಿದೆ.